ಗೊಲ್ಲಾಳಮ್ಮ ಹಾಸಿದ ಕಂಬಳಿ

ಬೋನಾಳ ಕೆರೆಯ ಪಡುವಣ ದಿಬ್ಬದ ಮೇಲೆ ಹನ್ನೊಂದು ಮನೆಗಳ ಕುರುಬರ ಹಟ್ಟಿ ಇತ್ತು. ಅಲ್ಲಿಂದ ನೋಡಿದರೆ ಕೆರೆ ಕೈಗೆ ಸಿಗುವಂತೆ ಕಾಣುತ್ತಿತ್ತು. ಚಳಿಗಾಲದಲ್ಲಿ ನೀರಿಗೆ ಇಳಿದ ಹಕ್ಕಿಗಳ ಗದ್ದಲ ಒಲೆಯ ಮುಂದೆ ಕೂತವರಿಗೂ ಕೇಳುತ್ತಿತ್ತು. ಆದರೆ ಹಟ್ಟಿಯ ಕುರಿಗಳು ಆ ನೀರಿಗೆ ಬಾಯಿ ಹಚ್ಚಬೇಕಾದರೆ ಮೂರು ಮೈಲಿ ಸುತ್ತಬೇಕಿತ್ತು, ಅದೂ ಕಲ್ಲುಗುಡ್ಡ ಹತ್ತಿ ಇಳಿದು. ನಡುವೆ ಒಂದು ಹೊಲವಿತ್ತು, ಹೊಲದ ಸುತ್ತ ಜಾಲಿಮುಳ್ಳಿನ ಬೇಲಿಯಿತ್ತು. ಹೊಲ ಸುರಪುರದ ಒಂದು ದೊಡ್ಡ ಮನೆತನಕ್ಕೆ ಸೇರಿತ್ತು. ಆ ಮನೆಯ ಹಿರಿಯರು ಬೇಲಿ ಹಾಕಿಸಿದ ವರ್ಷವೇ ಗೊಲ್ಲಾಳಮ್ಮ ಶಹಾಪುರದ ಕಡೆಯಿಂದ ಈ ಹಟ್ಟಿಗೆ ಸೊಸೆಯಾಗಿ ಬಂದಳು.

ದೊಡ್ಡ ಜ್ವರ ಊರೂರು ಬರಿದು ಮಾಡಿದ ಮರುವರ್ಷ ಹುಟ್ಟಿದವಳು ಎಂದು ಅವಳ ತವರಿನವರು ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚಿನ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಎತ್ತರದ ಹೆಂಗಸು, ದೊಡ್ಡ ಹೆಜ್ಜೆ, ಸಣ್ಣ ಮಾತು. ಕುರಿಯ ಹಿಂದೆ ನಡೆಯುತ್ತಲೇ ಉಣ್ಣೆ ನೂಲುವಳು. ಅವಳ ಎಳೆ ಎಲ್ಲಿಯೂ ಗಂಟು ಬೀಳುವುದಿಲ್ಲ ಎಂದು ಗಂಡ ಬಾಲಪ್ಪ ಸಂತೆಯಲ್ಲಿ ಹೇಳಿಕೊಳ್ಳುತ್ತಿದ್ದ. ಅವನು ಕುಣಿಮಗ್ಗದಲ್ಲಿ ಕಂಬಳಿ ನೇಯುವವನು. "ನೇಯೋದು ನಾನು, ಹೆಸರು ಅಕಿದು" ಎಂದು ನಗುತ್ತಿದ್ದ.

ಈ ಜನರಿಗೆ ಕಂಬಳಿ ಎಂದರೆ ಹೊದೆಯುವ ಬಟ್ಟೆ ಮಾತ್ರವಲ್ಲ. ಹಟ್ಟಿಯಲ್ಲಿ ಜಗಳ ಬಂದರೆ, ಮೇವಿನ ಗಡಿ ತೀರ್ಮಾನವಾಗಬೇಕಿದ್ದರೆ, ಒಬ್ಬರಿಗೊಬ್ಬರು ಮಾತು ಕೊಡುವುದಿದ್ದರೆ ಕರಿಕಂಬಳಿ ಹಾಸುತ್ತಾರೆ. ಮೇಲೆ ಒಂದು ಹಿಡಿ ಭಂಡಾರ, ಅಂದರೆ ಕುಲದೇವರು ಬೀರಪ್ಪನ ಹೆಸರಿನ ಅರಿಸಿನ ಪುಡಿ, ಚೆಲ್ಲುತ್ತಾರೆ. ಮಾತು ಕೊಡುವವನು ಬರಿಗಾಲಲ್ಲಿ ಕಂಬಳಿ ಮೇಲೆ ನಿಂತು, ಹಣೆಗೆ ಭಂಡಾರ ಹಚ್ಚಿಕೊಂಡು, ಹೇಳಬೇಕಾದ್ದನ್ನು ಒಮ್ಮೆ ಹೇಳುತ್ತಾನೆ. ಅಷ್ಟಕ್ಕೆ ಮುಗಿಯಿತು. ಬರೆಯುವುದಿಲ್ಲ, ಸಾಕ್ಷಿ ಕರೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಕಂಬಳಿ ಮೇಲೆ ನಿಂತವನಿಗೆ ಅವನ ಮಾತನ್ನು ಮತ್ತೆ ನೆನಪಿಸುವಂತಿಲ್ಲ. ನೆನಪಿಸಿದರೆ ಅವನ ಮೇಲೆ ಅನುಮಾನಪಟ್ಟಂತೆ, ಬೀರಪ್ಪನ ಮೇಲೆಯೂ ಅನುಮಾನಪಟ್ಟಂತೆ.

ಗೊಲ್ಲಾಳಮ್ಮ ತನ್ನ ಬದುಕಿನಲ್ಲಿ ಹೊರಗಿನವನೊಬ್ಬನಿಗೆ ಒಂದೇ ಸಲ ಕಂಬಳಿ ಹಾಸಿದಳು. ಅದು ೧೯೪೮ರ ಬೇಸಿಗೆ.

ನಿಜಾಮರ ಆಳ್ವಿಕೆಯ ಕಡೆಯ ತಿಂಗಳುಗಳು ಅವು. ರಜಾಕಾರರ ತಂಡಗಳು ಊರೂರು ತಿರುಗುತ್ತಿದ್ದವು. ಕಲಬುರ್ಗಿಯಲ್ಲಿ ಓದಿದ ಹುಡುಗರು ಗಡಿಯಾಚೆಯ ಶಿಬಿರಗಳಿಗೆ ಹೋಗಿ ಸೇರಿಕೊಳ್ಳುತ್ತಿದ್ದರು. ಒಂದು ಸಂಜೆ, ಕುರಿ ದೊಡ್ಡಿಗೆ ಸೇರುವ ಹೊತ್ತಿಗೆ, ಧೂಳಿನಲ್ಲಿ ಮಿಂದ ಬಿಳಿ ಅಂಗಿಯ ಒಬ್ಬ ಯುವಕ ಹಟ್ಟಿಗೆ ಬಂದ. ಬೇಲಿ ಹಾಕಿಸಿದ ಮನೆತನದ ಮಗ, ಬಸವಂತರಾಯ. ಯಾವುದೋ ಕಚೇರಿಯ ಮೇಲೆ ಬಾವುಟ ಕಟ್ಟಿ ಓಡಿಬಂದಿದ್ದ. ಅವನನ್ನು ಹುಡುಕುತ್ತಿದ್ದರು.

"ಇವನ್ನ ಇಟ್ಟುಕೊಂಡ್ರ ಹಟ್ಟಿಗೇ ಬೆಂಕಿ ಹಚ್ತಾರ" ಎಂದ ಬಾಲಪ್ಪನ ಅಣ್ಣ ಅಯ್ಯಣ್ಣ. ಹಟ್ಟಿಯ ಹಿರಿಯ ಅವನೇ. "ಇವರಪ್ಪ ನಮಗ ನೀರಿನ ದಾರಿ ಮುಚ್ಚಿದಂವ. ಮಗನಿಗೆ ನಾವು ಬಾಗಿಲ ತಗೀಬೇಕೇನು?"

"ಬಾಗಿಲ ಎಲ್ಲದ ಭಾವ ನಮ್ಮ ಮನಿಗಿ?" ಎಂದಳು ಗೊಲ್ಲಾಳಮ್ಮ. "ಕುರಿ ನಡುವೆ ಮಲಗ್ತಾನ. ಕುರಿ ಬ್ಯಾಡ ಅಂದ್ರ ಎಬ್ಬಿಸಿ ಕಳಿಸಮು."

ಕುರಿ ಬೇಡ ಅನ್ನಲಿಲ್ಲ. ಬಸವಂತರಾಯ ಹನ್ನೊಂದು ದಿನ ಇದ್ದ. ಅವನ ಪಟ್ಟಣದ ಚಪ್ಪಲಿಯ ಗುರುತು ಕುರಿಹೆಜ್ಜೆಗಳ ನಡುವೆ ಎದ್ದು ಕಾಣುತ್ತದೆಂದು ಗೊಲ್ಲಾಳಮ್ಮ ಮೊದಲ ದಿನವೇ ಅವನ್ನು ಒಲೆಗೆ ಹಾಕಿದಳು. ಬರಿಗಾಲಲ್ಲಿ ಅವನ ಅಂಗಾಲು ಬಿರಿದು ರಕ್ತ ಬಂತು. ಉಣ್ಣಿ ಕಚ್ಚಿ ಮೈಯೆಲ್ಲ ಗಂಧೆ ಎದ್ದಿತು. ಹುಡುಕುವವರು ಎರಡು ಸಲ ಬಂದರು. ಎರಡನೆಯ ಸಲ ಅವನು ಕಂಬಳಿ ಕೊಪ್ಪೆ ಹಾಕಿಕೊಂಡು, ಕೋಲು ಹಿಡಿದು, ಮರಿಗಳ ನಡುವೆ ಕೂತಿದ್ದ. ಬಂದೂಕಿನವನು ಅವನ ಮುಖದ ಹತ್ತಿರ ಬಗ್ಗಿ ಹೆಸರು ಕೇಳಿದ.

"ನನ್ನ ಮೈದುನ ಅದಾನ್ರಿ, ಮೂಗ" ಎಂದಳು ಗೊಲ್ಲಾಳಮ್ಮ, ನೂಲುವ ಕೈ ನಿಲ್ಲಿಸದೆ. "ಹೆಸರು ಕೇಳಿದ್ರ ಮ್ಯಾ ಅಂತಾನ. ಕೇಳಿ ನೋಡ್ರಿ."

ಅವರು ನಕ್ಕು ಹೋದರು. ಆಮೇಲೆ ಬಹಳ ವರ್ಷ ಹಟ್ಟಿಯವರು ಈ ಮಾತು ಹೇಳಿಕೊಂಡು ನಕ್ಕರು. ಭಾಷಣದ ಮನುಷ್ಯ ತನ್ನ ಬದುಕಿನಲ್ಲಿ ಬಾಯಿ ಮುಚ್ಚಿಕೊಂಡಿದ್ದು ಆ ಹನ್ನೊಂದು ದಿನ ಮಾತ್ರ.

ಹನ್ನೆರಡನೆಯ ಬೆಳಿಗ್ಗೆ ಬಾಲಪ್ಪ ಒಂದು ಹಿಂಡು ಹೊಡೆದುಕೊಂಡು ಗಡಿಯ ಕಡೆಗೆ ಹೊರಟಿದ್ದ. ಬಸವಂತರಾಯ ಅದರೊಡನೆ ದಾಟುವವನಿದ್ದ. ಹೊರಡುವಾಗ ಅವನ ಕಣ್ಣು ತುಂಬಿ ಬಂತು. "ಅವ್ವಾ, ನಿನ್ನ ಋಣ ನನ್ನ ತಲಿ ಮ್ಯಾಲೆ ಅದ. ಏನು ಬೇಕು ಕೇಳು" ಎಂದ.

ಗೊಲ್ಲಾಳಮ್ಮ ತಡ ಮಾಡಲಿಲ್ಲ. ಒಳಗಿನಿಂದ ಕರಿಕಂಬಳಿ ತಂದು ನೆಲಕ್ಕೆ ಹಾಸಿದಳು. ಭಂಡಾರ ಚೆಲ್ಲಿದಳು. ಅವನು ಹೇಗೂ ಬರಿಗಾಲಲ್ಲಿದ್ದ. ನಿಲ್ಲು ಎಂದು ಕೈ ತೋರಿದಳು, ನಿಂತ. ಭಂಡಾರದ ಬಟ್ಟಲು ಮುಂದೆ ಹಿಡಿದಳು, ಹಣೆಗೆ ಹಚ್ಚಿಕೊಂಡ.

"ನಮ್ಮ ಕುರಿಗಿ ಕೆರಿ ದಾರಿ ಬೇಕ್ರಿ" ಎಂದಳು.

ಬಸವಂತರಾಯ ಮೂಡಣ ದಿಕ್ಕಿಗೆ ನೋಡಿದ. ಅಲ್ಲಿ ಅವನ ಅಪ್ಪನ ಬೇಲಿ ಕಾಣುತ್ತಿತ್ತು. "ನಮ್ಮ ರಾಜ್ಯ ಬರ್ಲಿ ಅವ್ವಾ. ಯಾರ ಕುರಿಗೂ ಯಾರ ಬೇಲಿನೂ ಅಡ್ಡ ಇರಂಗಿಲ್ಲ" ಎಂದ.

ಹಟ್ಟಿಯವರೆಲ್ಲ ಕೇಳಿದರು. ಅಯ್ಯಣ್ಣ ಕೂಡ ತಲೆಬಾಗಿಸಿದ. ಗೊಲ್ಲಾಳಮ್ಮ ಕಂಬಳಿ ಮಡಿಸಿ ಒಳಗಿಟ್ಟಳು.

ಆ ವರ್ಷದ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಬಸವಂತರಾಯ ಹಲಗೆ ಬಡಿಸಿಕೊಂಡು ಸುರಪುರಕ್ಕೆ ಬಂದ. ಹಟ್ಟಿಯಿಂದ ಗೊಲ್ಲಾಳಮ್ಮ ಮತ್ತು ಬಾಲಪ್ಪ ನಡೆದು ಹೋಗಿ ಅವನ ವಾಡೆಯ ಜಗಲಿಯ ಕೆಳಗೆ ನಿಂತರು. ಅವನು ಇಳಿದು ಬಂದು ಅವಳ ಕಾಲು ಮುಟ್ಟಿದ. ಪಿಂಗಾಣಿ ಬಟ್ಟಲಲ್ಲಿ ಚಹಾ ಕೊಡಿಸಿದ. ಅವಳು ಚಹಾ ಕುಡಿದದ್ದು ಅದೇ ಮೊದಲು. ನಾಲಿಗೆ ಸುಟ್ಟಿತು. ದಾರಿಯ ಮಾತು ಅವಳು ಎತ್ತಲಿಲ್ಲ. ಎತ್ತುವಂತಿರಲಿಲ್ಲ.

"ಕೇಳಬೇಕಿತ್ತಲ್ಲೇ" ಎಂದ ಬಾಲಪ್ಪ ಮರಳುವಾಗ.

"ಕಂಬಳಿ ಮ್ಯಾಲೆ ನಿಂತಂವಗ ಕೇಳ್ತಾರೇನು? ನಿಮ್ಮಪ್ಪ ಹಿಂಗ ಕಲಿಸ್ಯಾನೇನು ನಿನಗ?"

ಬಾಲಪ್ಪ ಮುಂದೆ ನಡೆದ. ಅವನ ಅಪ್ಪ ಹಾಗೆ ಕಲಿಸಿರಲಿಲ್ಲ.

ವರ್ಷ ಕಳೆಯಿತು. ಬೇಲಿ ಹಾಗೆಯೇ ಇತ್ತು. ಬಸವಂತರಾಯನ ಅಪ್ಪ ಬದುಕಿದ್ದಾನೆ, ಮಗನ ಕೈ ಕಟ್ಟಿದೆ ಎಂದಳು ಗೊಲ್ಲಾಳಮ್ಮ. ಅಪ್ಪ ತೀರಿಕೊಂಡ. ಸೂತಕದ ಮನೆ, ಒಂದು ವರ್ಷ ಬಿಡಿ ಎಂದಳು. ಆಮೇಲೆ ಚುನಾವಣೆ ಬಂತು. ಬಸವಂತರಾಯ ಊರೂರು ತಿರುಗಿದ, ಗೆದ್ದವರ ಪಕ್ಕದಲ್ಲಿ ನಿಂತ, ಕಮಿಟಿಗಳಿಗೆ ಅಧ್ಯಕ್ಷನಾದ. ದೊಡ್ಡ ಕೆಲಸದವನು, ನಮ್ಮದು ಸಣ್ಣದು, ಸರದಿ ಬರುತ್ತದೆ ಎಂದಳು. ಐದನೆಯ ವರ್ಷ ಹೊಲದಲ್ಲಿ ಬಾವಿ ತೋಡಿಸಿದ, ಅರ್ಧ ಹೊಲಕ್ಕೆ ನಿಂಬೆ ಸಸಿ ಹಾಕಿಸಿದ. ಹಳೆಯ ಬೇಲಿಯ ಮೇಲೆ ಹೊಸ ಮುಳ್ಳು ಬಿತ್ತು. ಅದಕ್ಕೂ ಗೊಲ್ಲಾಳಮ್ಮನ ಬಳಿ ಉತ್ತರವಿತ್ತು. ಗಿಡ ಹಾಕಿದವನೇ ಗಿಡಗಳ ನಡುವೆ ದಾರಿ ಬಿಡುತ್ತಾನೆ, ಅವನಿಗೆ ಗೊತ್ತು.

ಮೂರು ಸಲ ಹಟ್ಟಿಯ ಗಂಡಸರು ಕೊಡಲಿ ತೆಗೆದುಕೊಂಡು ಬೇಲಿಯವರೆಗೆ ಹೋದರು. ಮೂರು ಸಲವೂ ಗೊಲ್ಲಾಳಮ್ಮ ಅಡ್ಡ ನಿಂತಳು. "ನನ್ನ ಕಂಬಳಿ ಮ್ಯಾಲೆ ನಿಂತು ಹೇಳ್ಯಾನ. ಬೇಲಿ ಕಡಿದ್ರ ಮಾತು ಮುರದಂವ ಅಂವಲ್ಲ, ನಾವು" ಎಂದಳು. ಅವರು ಬಯ್ದುಕೊಂಡು ಮರಳಿದರು.

೧೯೫೬ರ ಬೇಸಿಗೆಯಲ್ಲಿ ಕಲ್ಲುಗುಡ್ಡದ ಸುತ್ತುದಾರಿಯಲ್ಲಿ ಮೂವತ್ತೊಂದು ಮರಿ ಸತ್ತವು. ಕಾದ ಬಂಡೆಯ ಮೇಲೆ ನಡೆಯಲಾರದೆ ಕೂತವು, ಕೂತಲ್ಲಿಯೇ ಹೋದವು. ಬುಟ್ಟಿಯಲ್ಲಿ ಹೊತ್ತು ತಂದವುಗಳಲ್ಲೂ ಆರು ಉಳಿಯಲಿಲ್ಲ. ಆ ಸಂಜೆ ಅಯ್ಯಣ್ಣ ಗೊಲ್ಲಾಳಮ್ಮನ ಗುಡಿಸಲ ಮುಂದೆ ಬಂದು ಕೂತ. ಕೂಗಾಡಲಿಲ್ಲ.

"ದೀಪಾವಳಿ ತನಕ ನೋಡ್ತೀನಿ, ಗೊಲ್ಲಾಳಿ. ಪಾಡ್ಯದ ದಿನ ಕುರಿ ತೊಳಿಯಾಕ ಕೆರಿಗಿ ನೆಟ್ಟಗ ಹೋಗಬೇಕು. ಇಲ್ಲಂದ್ರ ಹಟ್ಟಿ ಕಿತ್ತಿ ಯಾದಗಿರಿ ಆಚಿ ಭೀಮಾ ದಂಡಿಗಿ ಹೋಗ್ತೀವಿ. ನೀ ನಿನ್ನ ರಾಯನ ಮಾತು ಕಾಯ್ಕೋತ ಇಲ್ಲೇ ಕೂಡು."

"ಆತು ಭಾವ" ಎಂದಳು.

ಆ ಶ್ರಾವಣದಲ್ಲಿ ಸುರಪುರದಿಂದ ಹೇಳಿಕಳಿಸಿದರು. ನವೆಂಬರ್ ಒಂದಕ್ಕೆ ಕನ್ನಡ ಮಾತಾಡುವ ನಾಡೆಲ್ಲ ಒಂದಾಗುತ್ತದೆ, ಸುರಪುರದಲ್ಲಿ ದೊಡ್ಡ ಸಭೆ, ಬಸವಂತರಾಯರಿಗೆ ಕಂಬಳಿ ಹೊದಿಸಿ ಸನ್ಮಾನ. ಕಂಬಳಿ ಗೊಲ್ಲಾಳಮ್ಮನ ಕೈಯದೇ ಆಗಬೇಕೆಂದು ರಾಯರೇ ಹೇಳಿದ್ದಾರೆ. ಗೊಲ್ಲಾಳಮ್ಮನ ಎದೆಯಲ್ಲಿ ಎಂಟು ವರ್ಷದ ಕಟ್ಟು ಸಡಿಲವಾಯಿತು. ನೆನಪಿಟ್ಟಿದ್ದಾನೆ. ನಮ್ಮ ರಾಜ್ಯ ಬರಲಿ ಎಂದಿದ್ದ, ಇದೀಗ ಬರುತ್ತಿದೆ. ಅಂದರೆ ಅಂದು ನಿಜಾಮರು ಹೋದಾಗ ಬಂದದ್ದು ಅವನು ಹೇಳಿದ ರಾಜ್ಯವಲ್ಲ, ಇದು. ತಾನೇ ಅವಸರ ಮಾಡಿದ್ದು.

ಎರಡು ತಿಂಗಳು ನೂಲಿದಳು. ಎಳೆಯ ಕುರಿಯ ಮೊದಲ ಉಣ್ಣೆ ಮಾತ್ರ ಆರಿಸಿದಳು. ಬಾಲಪ್ಪ ಹುಣಸೆಬೀಜದ ಗಂಜಿ ಹಾಕಿ ನೇಯ್ದ, ಎರಡೂ ಅಂಚಿಗೆ ಕೆಂಪು ಪಟ್ಟಿ ಕೊಟ್ಟ. "ಇಷ್ಟು ಚಂದಂದು ನನಗೊಂದು ನೇಯ್ಕೊಂಡಿಲ್ಲ ಇನ್ನಾ" ಎಂದ.

"ನೀ ಏನು ರಾಜ್ಯ ತಂದೀ?" ಎಂದಳು ಅವಳು.

ಸಭೆಯ ದಿನ ಸುರಪುರದ ಬಯಲಿನಲ್ಲಿ ಹೆಜ್ಜೆ ಇಡಲು ಜಾಗವಿರಲಿಲ್ಲ. ಶಹಾಪುರದಿಂದ, ಯಾದಗಿರಿಯಿಂದ ಬಂಡಿ ಕಟ್ಟಿಕೊಂಡು ಜನ ಬಂದಿದ್ದರು. ಗೊಲ್ಲಾಳಮ್ಮನನ್ನು ವೇದಿಕೆಯ ಮೇಲೆ ಒಂದು ಮೂಲೆಯಲ್ಲಿ ನಿಲ್ಲಿಸಿದರು, ಕಂಬಳಿ ತೋಳಿನ ಮೇಲಿತ್ತು. ಬಾಲಪ್ಪ ಕೆಳಗೆ ಜನರ ನಡುವೆ ಇದ್ದ.

ಬಸವಂತರಾಯ ಚೆನ್ನಾಗಿ ಮಾತಾಡಿದ. ಗಡಿಯಾಚೆಯ ಶಿಬಿರಗಳ ಕಥೆ ಹೇಳಿದ, ಬಾವುಟದ ಕಥೆ ಹೇಳಿದ. ಆಮೇಲೆ ಅವಳ ಕಡೆ ತಿರುಗಿದ.

"ಈ ಅವ್ವ ಅದಾಳಲ್ರಿ, ನನ್ನ ಹನ್ನೊಂದು ದಿನ ಕುರಿ ನಡುವೆ ಮುಚ್ಚಿಟ್ಟಾಳ. ಹೊರಡೋ ದಿನ ಏನು ಮಾಡಿದ್ಲು ಗೊತ್ತದೇನು? ನನ್ನ ಕಾಲು ಬಿರದಿದ್ವು. ಕಾಲಿಗಿ ಕಲ್ಲು ಒತ್ತಬಾರದು ಅಂತ ನೆಲಕ್ಕ ಕಂಬಳಿ ಹಾಸಿದ್ಲು. ಹಣಿಗೆ ಭಂಡಾರ ಹಚ್ಚಿ, ಮಗನ ಹಂಗ ಹರಸಿ ಕಳಿಸಿದ್ಲು. ಇಂಥ ತಾಯಂದಿರ ಆಶೀರ್ವಾದದಿಂದ ಇವತ್ತು ನಾಡು ಒಂದಾಗ್ಯದ!"

ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಅವನು ಕೈ ಎತ್ತಿ, ದನಿ ಏರಿಸಿದ. "ಇನ್ನು ಮ್ಯಾಲೆ ಈ ನಾಡಿನಾಗ ಯಾರ ಕುರಿಗೂ ಯಾರ ಬೇಲಿನೂ ಅಡ್ಡ ಇರಂಗಿಲ್ಲ!"

ಅದೇ ಮಾತು. ಒಂದು ಅಕ್ಷರ ಆಚೀಚೆ ಇಲ್ಲ. ಗೊಲ್ಲಾಳಮ್ಮ ಅವನ ಕಾಲು ನೋಡಿದಳು. ಹೊಳೆಯುವ ಚಪ್ಪಲಿ ಹಾಕಿಕೊಂಡಿದ್ದ.

ಅವಳಿಗೆ ಅರ್ಥವಾದದ್ದು ಒಂದೇ ಸಲಕ್ಕೆ. ಇವನು ಮಾತು ಮುರಿದಿಲ್ಲ. ಮುರಿಯಲು ಕೊಟ್ಟೇ ಇಲ್ಲ. ಅವನಿಗೆ ಕಂಬಳಿ ಕಾಲಿಗೆ ಮೆತ್ತಗಿನ ಹಾಸು, ಭಂಡಾರ ಹಣೆಗೆ ಅರಿಸಿನ, ಮಾತು ಬಾಯಿಗೆ ಬಂದ ಮಾತು. ಕಂಬಳಿ ಮೇಲೆ ನಿಂತವರೆಲ್ಲ ಕಂಬಳಿಯವರೇ ಎಂದು ತಿಳಿದದ್ದು ತಾನು. ಎಂಟು ವರ್ಷ ಹನ್ನೊಂದು ಮನೆಗಳನ್ನು ತಡೆದದ್ದು ಇವನಲ್ಲ, ತಾನು.

ಸಂಘಟಕರೊಬ್ಬರು ಕೈಸನ್ನೆ ಮಾಡಿದರು. ಅವಳು ಮುಂದೆ ಹೋದಳು. ಬಸವಂತರಾಯ ಕಂಬಳಿಗಾಗಿ ಭುಜ ಬಗ್ಗಿಸಿದ. ಅವಳು ಹೊದಿಸಲಿಲ್ಲ. ಎಂಟು ವರ್ಷ ಕೇಳಬಾರದೆಂದು ಬಾಯಿ ಕಟ್ಟಿಕೊಂಡಿದ್ದನ್ನು ಆಗ ಕೇಳಿದಳು.

"ಧಣ್ಯಾರ, ನಿಂಬಿ ಹೊಲದಾಗ ನಮ್ಮ ಕುರಿಗಿ ದಾರಿ ಬಿಡ್ತೀರೋ ಇಲ್ಲೋ?"

ಅವನು ನಗುತ್ತಲೇ ದನಿ ತಗ್ಗಿಸಿದ. "ಅವ್ವಾ, ಇದು ನಾಡಿನ ಸಭಾ. ಹೊಲದ ಮಾತು ಇಲ್ಲಿ ಬ್ಯಾಡ. ಒಂದು ಅರ್ಜಿ ಬರೆಸಿ ಕೊಡು, ನೋಡಮು. ಗಿಡ ಈಗಷ್ಟ ಹೂವಿಗಿ ಬಂದಾವ."

ಗೊಲ್ಲಾಳಮ್ಮ ಕಂಬಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಮೆಟ್ಟಿಲಿಳಿದಳು.

"ಅವ್ವಾ, ಕಂಬಳಿ! ಕಂಬಳಿ ಹೊದಿಸಬೇಕು!" ಎಂದು ಸಂಘಟಕ ಹಿಂದೆ ಓಡಿಬಂದ.

"ಇದು ನಂದು" ಎಂದಳು.

ಹಟ್ಟಿ ಮುಟ್ಟುವವರೆಗೆ ಬಾಲಪ್ಪ ಒಂದೂ ನಗೆಮಾತು ಆಡಲಿಲ್ಲ. ಕೆರೆ ಕಂಡಾಗ ಮಾತ್ರ, "ಕಡೀಗೂ ನನಗ ಒಂದು ಕೆಂಪಂಚಿನ ಕಂಬಳಿ ಆತು ಅನ್ನು" ಎಂದ.

ಸಂಜೆ ಹಟ್ಟಿಯವರೆಲ್ಲ ಸೇರಿದರು. ಗೊಲ್ಲಾಳಮ್ಮ ನಿಂತುಕೊಂಡೇ ಹೇಳಿದಳು. ಅವನು ಮಾತು ಕೊಟ್ಟಿರಲಿಲ್ಲ, ಕೊಟ್ಟನೆಂದು ತಾನು ತಿಳಿದಿದ್ದೆ. ಅವನಿಗೆ ನಮ್ಮ ಕಂಬಳಿ ಗೊತ್ತಿಲ್ಲ, ಗೊತ್ತಿದೆಯೋ ಇಲ್ಲವೋ ಎಂದು ತಾನು ಕೇಳಲಿಲ್ಲ. ತಪ್ಪು ತನ್ನದು.

ಒಬ್ಬಳು ಮುದುಕಿ ನೆಲಕ್ಕೆ ಉಗುಳಿದಳು. ಕೋಲಿನ ತುದಿ ನೋಡುತ್ತಲೇ ಅಯ್ಯಣ್ಣ ಹೇಳಿದ.

"ಎಂಟು ವರ್ಷ ನಮ್ಮನ್ನ ಗುಡ್ಡ ಸುತ್ತಿಸಿದಿ."

"ಸುತ್ತಿಸೀನಿ."

"ಮೂವತ್ತೊಂದು ಮರಿ."

"ಮೂವತ್ತೇಳು. ಬುಟ್ಟ್ಯಾಗ ತಂದವು ಆರು ಬಿಟ್ಟಿ ನೀ."

ಅಯ್ಯಣ್ಣ ತಲೆ ಎತ್ತಿದ. ಅವಳ ತಪ್ಪನ್ನು ಅವನಿಗಿಂತ ಸರಿಯಾಗಿ ಅವಳೇ ಎಣಿಸಿಟ್ಟಿದ್ದಳು. "ಹಂಗಾದ್ರ ಗಂಟು ಕಟ್ಟಮು. ಭೀಮಾ ದಂಡಿಗಿ" ಎಂದ.

"ಅಲ್ಲಿ ಬೇಲಿ ಇಲ್ಲೇನ್ರಿ ಭಾವ? ಅಲ್ಲಿ ಹೊಲ ಯಾರದೂ ಅಲ್ಲೇನು? ಅಲ್ಲೂ ಒಬ್ಬ ರಾಯ ಇರ್ತಾನ, ಅಲ್ಲೂ ನನ್ನಂಥಕಿ ಒಬ್ಬಾಕಿ ಅವನ ಮಾತು ಕಾಯ್ಕೋತ ಕೂತಿರ್ತಾಳ. ನಾಡದು ಪಾಡ್ಯ. ಕುರಿ ತೊಳೀಬೇಕು. ನೆಟ್ಟಗ ಹೋಗಮು."

"ಕೊಡ್ಲಿ ತಗೊಂಡು?"

"ಕೊಡ್ಲಿ ಬ್ಯಾಡ. ಎಲ್ಲಾರ ಮನ್ಯಾಗಿನ ಕಂಬಳಿ ತಗೊಂಡು ಬರ್ರಿ."

ಕುರಿಯನ್ನು ಇಕ್ಕಟ್ಟಿನಲ್ಲಿ ದಾಟಿಸುವ ಒಂದು ರೀತಿ ಕುರುಬರಿಗೆ ಗೊತ್ತು. ಇಬ್ಬಿಬ್ಬರು ಒಂದೊಂದು ಕಂಬಳಿಯ ತುದಿ ಹಿಡಿದು ಅಡ್ಡಗೋಡೆಯ ಹಾಗೆ ನಿಲ್ಲುತ್ತಾರೆ. ಎರಡೂ ಕಡೆ ಕರಿಗೋಡೆ, ನಡುವೆ ಓಣಿ. ಕುರಿ ಆಚೀಚೆ ನೋಡದೆ ಮುಂದಿನದರ ಬಾಲ ಹಿಡಿದು ನಡೆಯುತ್ತದೆ. ಹಿಂಡು ದಾಟಿದಂತೆ ಹಿಂದಿನವರು ಓಡಿ ಮುಂದೆ ಬಂದು ನಿಲ್ಲುತ್ತಾರೆ, ಓಣಿ ಬೆಳೆಯುತ್ತ ಹೋಗುತ್ತದೆ. ಹಳ್ಳ ದಾಟಿಸಲು, ಸಂತೆ ದಾಟಿಸಲು ಹೀಗೆ ಮಾಡುವುದುಂಟು. ಬೇರೆಯವರ ಹೊಲದಲ್ಲಿ ಯಾರೂ ಮಾಡಿರಲಿಲ್ಲ.

ಪಾಡ್ಯದ ಬೆಳಿಗ್ಗೆ ಗೊಲ್ಲಾಳಮ್ಮ ಎಲ್ಲರಿಗಿಂತ ಮುಂದೆ ಬೇಲಿಗೆ ಬಂದಳು. ಕವೆಗೋಲಿನಿಂದ ಮುಳ್ಳಿನ ಕಂಟಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಒಟ್ಟಿದಳು. ಒಂದನ್ನೂ ಕಡಿಯಲಿಲ್ಲ. ಸದ್ದಿಗೆ ತೋಟದ ಕಾವಲುಗಾರ ಮಸ್ತಾನಸಾಬ ಎದ್ದು ಬಂದ. ಹಿಂದೆ ಅವನು ಗಡಿಯ ಸುಂಕದ ನಾಕಾದಲ್ಲಿ ಸಿಪಾಯಿಯಾಗಿದ್ದವನು. ನಿಜಾಮರೊಡನೆ ನೌಕರಿಯೂ ಹೋಗಿ, ಬಸವಂತರಾಯನ ತೋಟಕ್ಕೆ ಸೇರಿದ್ದ. ಬೇಲಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ತಂಬಾಕು ಬೇಡಿಕೊಳ್ಳುವಷ್ಟು ಇಬ್ಬರಿಗೂ ಸಲಿಗೆ ಇತ್ತು.

"ಅಕ್ಕಾ, ಏನು ಮಾಡಾಕತ್ತಿ? ನನ್ನ ರೊಟ್ಟಿ ಕಸೀತೀಯೇನು?"

"ನಿನ್ನ ರೊಟ್ಟಿ ನನಗ್ಯಾಕ ಬೇಕೋ ಮಸ್ತಾನಣ್ಣ? ಕುರಿ ಕೆರಿಗಿ ಹೊಂಟಾವ. ಒಂದು ಗಿಡಕ್ಕ ಬಾಯಿ ಹಾಕಿದ್ರ ಆ ಕುರಿ ನೀನೇ ಹಿಡ್ಕೋ."

"ಧಣಿ ಮಾತು ಕೊಟ್ಟಾನ, ಕೊಡ್ತಾನ ಅಂತಿದ್ದಿ. ನಾ ಬಂದಾಗಿಂದ ಇದೇ ಮಾತು ಕೇಳೀನಿ."

"ಕೊಟ್ಟಿಲ್ಲ. ನಾನೇ ತಪ್ಪು ತಿಳ್ಕೊಂಡಿದ್ದೆ."

ಮಸ್ತಾನಸಾಬ ಗಡ್ಡ ಕೆರೆದುಕೊಂಡ. "ನಾನೂ ನಾಕಾದಾಗ ಕೂತು, ಈ ಗಡಿ ಖಯಾಮತ್ ತನಕ ಇರ್ತದ ಅಂತ ತಿಳ್ಕೊಂಡಿದ್ದೆ" ಎಂದ. ಆಮೇಲೆ ಒಂದು ಬದಿಗೆ ಸರಿದು ನಿಂತ. "ನಾ ನಿಮಾಜಿಗಿ ಹೋಗಿದ್ದೆ. ನಾ ನೋಡಿಲ್ಲ."

"ನೋಡು ಅಣ್ಣ. ನೋಡೀನಿ ಅಂತ ಹೇಳು. ಕದ್ದು ಹೋಗಾಕತ್ತಿಲ್ಲ ನಾವು."

ಇಪ್ಪತ್ತೆರಡು ಕಂಬಳಿಗಳು ಬಂದವು. ಹರಿದವು, ತೇಪೆ ಹಾಕಿದವು, ಮದುವೆಗೆ ಕೊಟ್ಟವು. ಅಯ್ಯಣ್ಣ ತನ್ನದನ್ನು ಹೆಗಲ ಮೇಲೆ ಹಾಕಿಕೊಂಡು ಕಡೆಗೆ ಬಂದ, ತುದಿ ಹಿಡಿದು ನಿಂತ. ಕೆಂಪಂಚಿನ ಹೊಸ ಕಂಬಳಿಯ ಒಂದು ತುದಿ ಗೊಲ್ಲಾಳಮ್ಮನ ಕೈಯಲ್ಲಿ, ಇನ್ನೊಂದು ಬಾಲಪ್ಪನ ಕೈಯಲ್ಲಿ. ನಾನ್ನೂರು ಚಿಲ್ಲರೆ ಕುರಿ ನಿಂಬೆಗಿಡಗಳ ನಡುವೆ ದಾಟಿದವು. ಒಂದೇ ಒಂದು ಟಗರು ಕಂಬಳಿಯ ಮೇಲಿನಿಂದ ಕತ್ತು ಚಾಚಿ ನಿಂಬೆ ಎಲೆ ಕಿತ್ತು, ಕಹಿಗೆ ಮುಖ ಕಿವುಚಿ ಉಗುಳಿತು. ಮಸ್ತಾನಸಾಬ ಮೊದಲು ನಕ್ಕ, ಆಮೇಲೆ ಎಲ್ಲರೂ.

ಆ ದಿನ ಕುರಿಗಳನ್ನು ಕೆರೆಯಲ್ಲಿ ತೊಳೆದರು. ಹಟ್ಟಿಯವರು ಗಂಟು ಕಟ್ಟಲಿಲ್ಲ.

ಸಂಜೆ ಬೇಲಿ ಮತ್ತೆ ಎದ್ದಿತ್ತು. ಬೆಳಿಗ್ಗೆ ಗೊಲ್ಲಾಳಮ್ಮ ಮತ್ತೆ ಸರಿಸಿದಳು. ಹೀಗೆ ಹದಿನಾರು ದಿನ. ಸಂಜೆ ಕಟ್ಟುವುದು ಮಸ್ತಾನಸಾಬನ ಕೆಲಸ, ಬೆಳಿಗ್ಗೆ ತೆಗೆಯುವುದು ಅವಳ ಕೆಲಸ. ಅವನು ದಿನದಿನಕ್ಕೆ ಮುಳ್ಳು ಸಡಿಲವಾಗಿ ಒಟ್ಟುತ್ತಿದ್ದಾನೆಂದು ಅವಳಿಗೆ ಗೊತ್ತಾಗುತ್ತಿತ್ತು. ನಡುವೆ ಬಾಲಪ್ಪನನ್ನು ಒಂದು ದಿನ ಠಾಣೆಗೆ ಕರೆದೊಯ್ದು ಕೂಡಿಸಿದರು. ಆ ಬೆಳಿಗ್ಗೆ ಅವನ ತುದಿಯನ್ನು ಅಯ್ಯಣ್ಣ ಹಿಡಿದ.

ಹದಿನೇಳನೆಯ ದಿನ ಬೇಲಿಯ ಬಳಿ ಜೀಪು ನಿಂತಿತ್ತು. ಬಸವಂತರಾಯ ಜಮೀನಿನ ಲೆಕ್ಕ ಇಡುವ ಪಟವಾರಿಯನ್ನು ಕರೆದುಕೊಂಡು ಬಂದಿದ್ದ. ಪಟವಾರಿ ಜೀಪಿನ ಮೂತಿಯ ಮೇಲೆ ಹಳೆಯ ಉರ್ದು ನಕಾಶೆ ಹರಡಿ, ಬೆರಳಿಟ್ಟು ತೋರಿಸಿದ.

"ನೋಡವ್ವ, ಇಲ್ಲಿ ದಾರಿ ಇಲ್ಲ. ಹಿಂದೂ ಇದ್ದಿಲ್ಲ. ಪೂರಾ ಹೊಲ ಅಂತ ಅದ."

ಗೊಲ್ಲಾಳಮ್ಮನಿಗೆ ಒಳಗೆ ಒಂದು ಸಣ್ಣ ಆಸೆ ಇತ್ತು, ಎಲ್ಲೋ ಒಂದು ಕಾಗದದಲ್ಲಾದರೂ ತಮ್ಮ ದಾರಿ ಇದ್ದೀತು ಎಂದು. ಅದೂ ಅಲ್ಲಿಗೆ ಮುಗಿಯಿತು. ಅವಳು ನಕಾಶೆಯನ್ನು ನೋಡಿದಳು, ಓದಲು ಬರುತ್ತಿರಲಿಲ್ಲ.

"ಇಲ್ಲಂದ್ರ ಇಲ್ರಿ" ಎಂದಳು. "ನಮ್ಮ ಕುರಿಗೂ ಓದಾಕ ಬರಂಗಿಲ್ಲ."

ಬಸವಂತರಾಯನಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನೋವೂ ಇತ್ತು. "ನಾ ನಿನ್ನ ಕಾಲು ಮುಟ್ಟೀನಿ. ಮಂದಿ ಮುಂದ ತಾಯಿ ಅಂದೀನಿ. ನನ್ನ ಹೊಲದಾಗ ದಿನಾ ನುಗ್ತೀ. ಎಂಟು ವರ್ಷದಾಗ ಒಂದು ಸಲ ಮನಿಗೆ ಬಂದು ಕೇಳಿದ್ರ ಕೊಡತಿದ್ದಿಲ್ಲೇನು ನಾ?"

"ಸಭಾದಾಗ ಕೇಳೀನಲ್ರಿ. ಅರ್ಜಿ ಅಂದ್ರಿ."

ಅಯ್ಯಣ್ಣ ಮುಂದೆ ಬಂದು, ಕಂಬಳಿ ಹಾಸಿದ ಆ ದಿನದ ಅರ್ಥವನ್ನು ಅವನಿಗೆ ಬಿಡಿಸಿ ಹೇಳಿದ. ಬರಿಗಾಲು, ಭಂಡಾರ, ಒಮ್ಮೆ ಹೇಳುವ ಮಾತು, ನೆನಪಿಸಬಾರದೆಂಬ ಕಟ್ಟು. ಕೇಳುತ್ತ ಕೇಳುತ್ತ ಬಸವಂತರಾಯನ ಮುಖ ಬದಲಾಯಿತು. ಬೇಲಿಯಾಚೆಯ ಹಟ್ಟಿಯನ್ನು ನೋಡಿದ. ಆಮೇಲೆ ಬಗ್ಗಿ ಚಪ್ಪಲಿ ಕಳಚಿದ.

"ನನಗ ಗೊತ್ತಿದ್ದಿಲ್ಲ, ಅವ್ವಾ. ಬೀರಪ್ಪನ ಆಣಿ, ಗೊತ್ತಿದ್ದಿಲ್ಲ. ಹಾಸು ಕಂಬಳಿ. ಎಲ್ಲಾರ ಮುಂದ ನಿಂತು ಹೇಳ್ತೀನಿ. ದಾರಿ ಕೊಟ್ಟೀನಿ ಅಂತ ಹೇಳ್ತೀನಿ."

ಹಟ್ಟಿಯವರು ಗೊಲ್ಲಾಳಮ್ಮನ ಕಡೆ ನೋಡಿದರು. ಬಾಲಪ್ಪನ ಕೈ ಕಂಬಳಿಯ ತುದಿಯನ್ನು ಆಗಲೇ ಸ್ವಲ್ಪ ಕೆಳಗಿಳಿಸಿತ್ತು. ಎಂಟು ವರ್ಷ ಕಾದದ್ದು ಬರಿಗಾಲಲ್ಲಿ ಎದುರಿಗೆ ನಿಂತಿತ್ತು.

ಅವಳು ತನ್ನ ತುದಿಯನ್ನು ಎತ್ತಿ ಹಿಡಿದಳು. ಬಾಲಪ್ಪನೂ ಎತ್ತಿದ.

"ಬ್ಯಾಡ್ರಿ" ಎಂದಳು. "ನಾಳಿ ನಿಮ್ಮ ಮಗ ಬರ್ತಾನ, ಅವನಿಗೂ ಹಾಸಬೇಕು. ಆಮ್ಯಾಲೆ ಅವನ ಮಗ. ಎಷ್ಟು ಮಂದಿಗಿ ಹಾಸ್ಲಿ? ಈ ಕಂಬಳಿ ಇನ್ನು ನಿಲ್ಲಾಕಲ್ಲ. ಇದಕ್ಕ ಬ್ಯಾರೆ ಕೆಲಸ ಅದ."

"ಹಂಗಾದ್ರ ಪೊಲೀಸ್ರನ್ನ ಕರಿಯಾಕ ಹಚ್ತೀ ನನಗ."

"ಕರೀರಿ. ನಿಮ್ಮನ್ನ ಹುಡುಕ್ಕೋತ ಬಂದೂಕು ಹಿಡ್ಕೊಂಡು ಬಂದಿದ್ರಲ್ಲ, ಅವರ ಮುಂದೂ ಇದೇ ನೂಲು ನೂಲಿದ್ದೆ."

ಪಟವಾರಿ ನಕಾಶೆ ಮಡಿಸಲು ಶುರುಮಾಡಿದ. ದಿಬ್ಬದ ಮೇಲಿಂದ ಹಿಂಡು ಇಳಿಯುತ್ತಿತ್ತು. ಮುಂದಿನ ಟಗರಿನ ಗಂಟೆ ಹತ್ತಿರವಾಗುತ್ತಿತ್ತು. ಕುರಿಗೆ ದಾರಿ ಈಗ ಗೊತ್ತಿತ್ತು. ಹದಿನಾರು ದಿನದ ಗೊರಸಿನಲ್ಲಿ ಗಿಡಗಳ ನಡುವಿನ ಮಣ್ಣು ಹುಡಿಯಾಗಿ, ನಾಲ್ಕು ಮಾರು ಅಗಲಕ್ಕೆ ಬಿಳಿಚಿ ಕೆರೆಯವರೆಗೂ ಕಾಣುತ್ತಿತ್ತು. ಬಸವಂತರಾಯ ಆ ಬಿಳಿಯ ಮಣ್ಣಿನ ನಟ್ಟನಡುವೆ ಬರಿಗಾಲಲ್ಲಿ ನಿಂತಿದ್ದ.

"ಧಣ್ಯಾರ, ಒಂಚೂರು ಸರೀರಿ" ಎಂದಳು ಗೊಲ್ಲಾಳಮ್ಮ. "ಕುರಿ ಬರಾಕತ್ತಾವ."

ಅವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸರಿದ.